ಅದೇ ಮಾತ್ರೆ, ಅದೇ ಅರ್ಧ, ಈಗ ಯಾಕೆ ತೊಂದರೆ? ಡಿಗಾಕ್ಸಿನ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ಡಾಕ್ಟರ್, ನನ್ನ ತಾಯಿಗೆ 76 ವರ್ಷ. ಹೃದಯದ ಪಂಪಿಂಗ್ 35 ಪರ್ಸೆಂಟ್, ಜೊತೆಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಅದುರಿ ನಾಡಿ ಏರುಪೇರಾಗುವ ಕಾಯಿಲೆ) ಇದೆ. ನಾಲ್ಕು ವರ್ಷದಿಂದ ಡಿಗಾಕ್ಸಿನ್ 0.25 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧ, ವಾರಕ್ಕೆ ಐದು ದಿನ ಕೊಡುತ್ತಿದ್ದೇವೆ. ಮೂತ್ರ ಹೋಗುವ ಮಾತ್ರೆ ಫ್ಯೂರೋಸಮೈಡ್, ಬಿಪಿ ಇಳಿಸಿ ಹೃದಯದ ಭಾರ ತಗ್ಗಿಸುವ ರಾಮಿಪ್ರಿಲ್, ನಾಡಿ ನಿಧಾನ ಮಾಡುವ ಮೆಟೊಪ್ರೊಲಾಲ್, ರಕ್ತ ತೆಳುಮಾಡುವ ಮಾತ್ರೆಯೂ ಇವೆ. ಎರಡು ವಾರದ ಹಿಂದೆ ಕೆಮ್ಮು, ಕಫ ಕಟ್ಟಿತ್ತೆಂದು ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಏಳು ದಿನ ಕೊಟ್ಟರು. ಅದರ ನಡುವೆ ಮೂರು ದಿನ ಭೇದಿ ಆಯಿತು. ಮಂಡಿನೋವಿಗೆ ನೋವಿನ ಮಾತ್ರೆಯನ್ನೂ ನುಂಗುತ್ತಿದ್ದರು. ಈಗ ಒಂದು ವಾರದಿಂದ ಊಟ ಸೇರುತ್ತಿಲ್ಲ, ವಾಕರಿಕೆ, ಸದಾ ಮಂಪರು. ಬಲ್ಬ್ ಸುತ್ತ ಹಳದಿ ಬಳೆ ಕಾಣುತ್ತದೆ ಎನ್ನುತ್ತಾರೆ. ಗ್ಯಾಸ್ಟ್ರಿಕ್ ಇರಬೇಕೆಂದು ಅದಕ್ಕೂ ಮಾತ್ರೆ ಕೊಟ್ಟೆವು. ನಾಡಿ ನಿಮಿಷಕ್ಕೆ 48ರಿಂದ 50. ಮೊದಲು ಏರುಪೇರಾಗಿ ಹೊಡೆಯುತ್ತಿತ್ತು, ಈಗ ಸಮವಾಗಿದೆ, ಅದೊಂದು ಸಮಾಧಾನ. ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 1.9 (ಆರು ತಿಂಗಳ ಹಿಂದೆ 1.1), ಪೊಟ್ಯಾಸಿಯಂ 3.2. ಬೆಳಗಿನ ಮಾತ್ರೆಗೆ ಮೊದಲು ತೆಗೆದ ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ 1.8. ಪಕ್ಕದಲ್ಲಿ ‘ನಾರ್ಮಲ್ 0.8–2.0’ ಎಂದು ಅಚ್ಚಾಗಿದೆ. ತೂಕ 56 ಕೆಜಿ ಇದ್ದದ್ದು 48ಕ್ಕೆ ಇಳಿದಿದೆ. ನಮ್ಮ ಚಿಕ್ಕಪ್ಪ, ಅದು ಕಣಗಿಲೆ ವಿಷದ ಜಾತಿಯ ಔಷಧಿ, ಬಿಸಾಡಿ ಎನ್ನುತ್ತಾರೆ. ಅಕ್ಕ, ಹೃದಯದ ಮಾತ್ರೆ ಒಂದು ದಿನವೂ ತಪ್ಪಬಾರದು ಎನ್ನುತ್ತಾಳೆ. ಅಮ್ಮ ಇನ್ನು ಮಾತ್ರೆಯೇ ಬೇಡ ಎಂದು ಹಟ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೆಯಲು ಕೂರದೆ ನಿಮಗೇ ನೇರವಾಗಿ ಹೇಳಿಸಿದೆ: ಮುಂದಿನ ಡಿಗಾಕ್ಸಿನ್ ಕೊಡಬೇಡಿ, ಮೆಟೊಪ್ರೊಲಾಲ್ ಕೊಡುವ ಮೊದಲೂ ವೈದ್ಯರನ್ನು ಕೇಳಿ, ಇವತ್ತೇ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದೇ ಲಕ್ಷಣಗಳು ಮನೆಯಲ್ಲಿ ಯಾರಿಗಾದರೂ ಇದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ನೀವೂ ಹಾಗೇ ಮಾಡಿ. ಉಳಿದ ವಿವರಣೆ ಆಮೇಲೂ ಓದಬಹುದು.

ಈಗ ನಿಮ್ಮ ಗೊಂದಲಕ್ಕೆ ಬರುತ್ತೇನೆ. ನಾಲ್ಕು ವರ್ಷ ಒಗ್ಗಿದ್ದ ಮಾತ್ರೆ, ಪ್ರಮಾಣವನ್ನು ಯಾರೂ ಹೆಚ್ಚಿಸಿಲ್ಲ, ರಿಪೋರ್ಟ್ ಬೇರೆ ನಾರ್ಮಲ್ ಎನ್ನುತ್ತಿದೆ. ಹಾಗಿದ್ದರೆ ತೊಂದರೆಗೆ ಇದೇ ಕಾರಣ ಹೇಗಾದೀತು ಎಂಬುದು ನಿಮ್ಮ ಅನುಮಾನ. ಡಿಗಾಕ್ಸಿನ್ ವಿಷಯದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತೇ ಇದು. ಉತ್ತರ ಮಾತ್ರೆಯಲ್ಲಿಲ್ಲ, ನಿಮ್ಮ ತಾಯಿಯ ಈ ಎರಡು ವಾರಗಳಲ್ಲಿದೆ.

ಮೊದಲು ಚಿಕ್ಕಪ್ಪನ ಮಾತು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಕಣಗಿಲೆಯಲ್ಲೂ ಹಳದಿ ಕಣಗಿಲೆಯಲ್ಲೂ ಇರುವ ವಿಷ ಮತ್ತು ಡಿಗಾಕ್ಸಿನ್ ಒಂದೇ ಕುಟುಂಬದವು. ಎರಡನ್ನೂ ಕಾರ್ಡಿಯಾಕ್ ಗ್ಲೈಕೋಸೈಡ್ ಎಂದೇ ಕರೆಯುತ್ತೇವೆ. ಡಿಗಾಕ್ಸಿನ್ ಬಂದದ್ದು ಡಿಜಿಟಾಲಿಸ್ ಎಂಬ ಹೂಗಿಡದಿಂದ. ವಿಲಿಯಂ ವಿದರಿಂಗ್ ಎಂಬ ಇಂಗ್ಲೆಂಡಿನ ವೈದ್ಯ ಆ ಗಿಡದ ಎಲೆಯನ್ನು ಮೈಯಲ್ಲಿ ನೀರು ತುಂಬಿದ ರೋಗಿಗಳಿಗೆ ಕೊಟ್ಟು, ಕಂಡದ್ದನ್ನು 1785ರಲ್ಲಿ ಪ್ರಕಟಿಸಿದ. ಎಲೆ ಹೆಚ್ಚಾದರೆ ವಾಂತಿ, ಭೇದಿ, ವಸ್ತುಗಳು ಹಳದಿ ಹಸಿರಾಗಿ ಕಾಣುವುದು, ನಾಡಿ ಬಹಳ ನಿಧಾನವಾಗುವುದು, ಎಲ್ಲವನ್ನೂ ಆತ ಆಗಲೇ ಬರೆದಿಟ್ಟಿದ್ದಾನೆ. ನಿಮ್ಮ ತಾಯಿ ಹೇಳುತ್ತಿರುವ ಹಳದಿ ಬಳೆ ಇನ್ನೂರು ವರ್ಷಕ್ಕೂ ಹಳೆಯ ಲಕ್ಷಣ. ಆದರೆ ಗಿಡದಲ್ಲಿ ಎಷ್ಟು ವಿಷವಿದೆ ಎಂದು ಯಾರೂ ಅಳೆಯಲಾಗದು, ಮಾತ್ರೆಯಲ್ಲಿ 0.25 ಮಿಲಿಗ್ರಾಂ, ಅಂದರೆ 250 ಮೈಕ್ರೋಗ್ರಾಂ ಎಂದು ಅಳೆದು ಇಟ್ಟಿರುತ್ತಾರೆ. ವ್ಯತ್ಯಾಸ ಅಷ್ಟೇ, ಆದರೆ ಜೀವ ಉಳಿಯುವುದು ಆ ವ್ಯತ್ಯಾಸದಲ್ಲೇ. ಈ ಮಾತ್ರೆ ನುಂಗುವವರು ಹೃದಯಕ್ಕೆ ಒಳ್ಳೆಯದೆಂದು ಯಾರೋ ಕೊಟ್ಟ ಎಲೆ, ಬೇರಿನ ಕಷಾಯ ಕುಡಿಯಬಾರದು ಎಂದು ನಾನು ಗಟ್ಟಿಯಾಗಿ ಹೇಳುವುದೂ ಇದೇ ಕಾರಣಕ್ಕೆ.

ಇದು ಕೆಲಸ ಮಾಡುವ ಬಗೆ ತಿಳಿದರೆ ಮಿಕ್ಕದ್ದೆಲ್ಲ ಸುಲಭ. ಹೃದಯದ ಪ್ರತಿ ಜೀವಕೋಶದ ಗೋಡೆಯಲ್ಲೂ ಸೋಡಿಯಂ ಹೊರಗೆ ತಳ್ಳಿ ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುವ ಒಂದು ಪಂಪು ಇದೆ. ಡಿಗಾಕ್ಸಿನ್ ಆ ಪಂಪಿನ ಮೇಲೆ ಕೂತು ಅದನ್ನು ಅರೆಬರೆ ನಿಲ್ಲಿಸುತ್ತದೆ. ಒಳಗೆ ಸೋಡಿಯಂ ಹೆಚ್ಚುತ್ತದೆ, ಅದರ ಬೆನ್ನಿಗೆ ಕ್ಯಾಲ್ಸಿಯಂ ಹೆಚ್ಚುತ್ತದೆ, ಸ್ನಾಯು ಸ್ವಲ್ಪ ಗಟ್ಟಿಯಾಗಿ ಹಿಂಡುತ್ತದೆ. ಇನ್ನೊಂದು ಕಡೆ ವೇಗಸ್ ನರದ ಮೂಲಕ, ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಇಳಿಯುವ ದಾರಿಯನ್ನು ನಿಧಾನ ಮಾಡುತ್ತದೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ನಾಡಿ ಓಡದಂತೆ ಹಿಡಿದಿಡುವುದು ಹೀಗೆ. ಪಂಪಿನ ಮೇಲೆ ಡಿಗಾಕ್ಸಿನ್ ಕೂರುವ ಜಾಗಕ್ಕೆ ಪೊಟ್ಯಾಸಿಯಂ ಕೂಡ ಪೈಪೋಟಿ ಮಾಡುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯಿತೆಂದರೆ ಅದೇ ಪ್ರಮಾಣದ ಡಿಗಾಕ್ಸಿನ್ ಹೆಚ್ಚು ಪಂಪುಗಳನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ತಾಯಿಗೆ ಪೊಟ್ಯಾಸಿಯಂ 3.2. ಅವರ ಹೃದಯಕ್ಕೆ ಈ 1.8, ಕಾಗದದಲ್ಲಿ ಕಾಣುವ 1.8 ಆಗಿ ಉಳಿದಿಲ್ಲ.

ಈ ಎರಡು ವಾರದಲ್ಲಿ ಏನೇನಾಯಿತು ನೋಡಿ. ಡಿಗಾಕ್ಸಿನ್ ಬಹುಪಾಲು ಕಿಡ್ನಿಯ ಮೂಲಕವೇ ಹೊರಹೋಗುವ ಔಷಧಿ. ಭೇದಿಯಲ್ಲಿ ಮೈಯ ನೀರು ಬತ್ತಿತು, ಮೇಲಿಂದ ಫ್ಯೂರೋಸಮೈಡ್ ಇನ್ನಷ್ಟು ನೀರನ್ನೂ ಪೊಟ್ಯಾಸಿಯಂ ಅನ್ನೂ ಹೊರಗೆ ಎಳೆಯಿತು. ರಾಮಿಪ್ರಿಲ್ ಹೃದಯಕ್ಕೆ ಬೇಕಾದದ್ದೇ, ಆದರೆ ಮೈ ಬತ್ತಿದಾಗ ಕಿಡ್ನಿಯ ಸೋಸುವ ಒತ್ತಡವನ್ನು ಇಳಿಸುತ್ತದೆ. ಅದರ ಮೇಲೆ ನೋವಿನ ಮಾತ್ರೆ, ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡಿತು. ಮೂತ್ರದ ಮಾತ್ರೆ, ರಾಮಿಪ್ರಿಲ್ ಜಾತಿಯ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದ ಎಷ್ಟು ಕಿಡ್ನಿಗಳು ಸೋತದ್ದನ್ನು ಕಂಡಿದ್ದೇನೋ ಲೆಕ್ಕವಿಟ್ಟಿಲ್ಲ.

ಇನ್ನು ಕ್ಲಾರಿಥ್ರೋಮೈಸಿನ್. ಕರುಳಿನ ಗೋಡೆಯಲ್ಲೂ ಕಿಡ್ನಿಯಲ್ಲೂ ಡಿಗಾಕ್ಸಿನ್ನನ್ನು ಹೊರಗೆ ತಳ್ಳುವ ಒಂದು ಪ್ರೋಟೀನ್ ಇದೆ, ಪಿ-ಗ್ಲೈಕೋಪ್ರೋಟೀನ್ ಎನ್ನುತ್ತಾರೆ. ಕ್ಲಾರಿಥ್ರೋಮೈಸಿನ್ ಅದನ್ನು ತಡೆಯುತ್ತದೆ. ಒಳಗೆ ಸೇರುವುದು ಹೆಚ್ಚಿ, ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಕೆಮ್ಮಿಗೆ ಬರೆದುಕೊಟ್ಟವರನ್ನು ನಾನು ದೂರುತ್ತಿಲ್ಲ. ಅವರ ಮುಂದೆ ಕೆಮ್ಮಿತ್ತು, ಮಾತ್ರೆಗಳ ಪಟ್ಟಿ ಇತ್ತೋ ಇಲ್ಲವೋ. ಹೃದಯದ ಲಯಕ್ಕೆ ಕೊಡುವ ಏಮಿಯೋಡರೋನ್, ವೆರಾಪಮಿಲ್, ಎರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ಕೂಡ ಡಿಗಾಕ್ಸಿನ್ ಮಟ್ಟವನ್ನು ಏರಿಸುತ್ತವೆ. ಏಮಿಯೋಡರೋನ್ ಶುರುಮಾಡುವಾಗ ಡಿಗಾಕ್ಸಿನ್ನನ್ನು ಅರ್ಧಕ್ಕೆ ಇಳಿಸುವುದು ನಮ್ಮಲ್ಲಿ ರೂಢಿ.

ತೂಕದ ವಿಷಯ ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಡಿಗಾಕ್ಸಿನ್ ರಕ್ತದಲ್ಲಿ ಇರುವುದು ಕೊಂಚ, ಉಳಿದದ್ದೆಲ್ಲ ಮಾಂಸಖಂಡಗಳಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದವರು ಎಂಟು ಕೆಜಿ ಇಳಿದರೆಂದರೆ ಹೋದದ್ದರಲ್ಲಿ ಮಾಂಸಖಂಡವೂ ಸಾಕಷ್ಟು. ಕ್ರಿಯಾಟಿನಿನ್ ಕೂಡ ಹುಟ್ಟುವುದು ಮಾಂಸಖಂಡದಿಂದಲೇ. ಹಾಗಾಗಿ ಸಣಕಲು ಮೈಯಲ್ಲಿ ಅದು ನಮ್ಮನ್ನು ಮೋಸಗೊಳಿಸುತ್ತದೆ. ಆರು ತಿಂಗಳ ಹಿಂದಿನ 1.1 ನೋಡಿ ಎಲ್ಲರೂ ಕಿಡ್ನಿ ಚೆನ್ನಾಗಿದೆ ಎಂದುಕೊಂಡಿರಬೇಕು. ವಯಸ್ಸು 76, ಈಗಿನ ತೂಕ 48, ಹೆಂಗಸು ಎಂದು ಲೆಕ್ಕ ಹಾಕಿದರೆ, 1.1 ಇದ್ದಾಗಲೂ ಅವರ ಕಿಡ್ನಿ ಸೋಸುವ ಸಾಮರ್ಥ್ಯ ನಿಮಿಷಕ್ಕೆ ಸುಮಾರು 33 ಮಿಲಿಲೀಟರ್ ಮಾತ್ರ. ಈಗ 1.9 ಎಂದರೆ 20ರ ಆಸುಪಾಸು. ಕೊಡುತ್ತಿದ್ದ ಅರ್ಧ ಮಾತ್ರೆ ಅವರಿಗೆ ಹೆಚ್ಚುಕಮ್ಮಿ ಅಂಚಿನ ಪ್ರಮಾಣವೇ ಆಗಿತ್ತು. ಅಂಚಿನಲ್ಲಿ ನಿಂತವರನ್ನು ಒಂದು ಭೇದಿ ತಳ್ಳಿತು.

ಈಗ ಆ ‘ನಾರ್ಮಲ್’ ಎಂಬ ಅಚ್ಚು. 0.8ರಿಂದ 2.0 ಎಂಬುದು ಹಳೆಯ ಅಳತೆ, ಎಷ್ಟೋ ಲ್ಯಾಬ್‌ಗಳ ಕಾಗದದಲ್ಲಿ ಇನ್ನೂ ಹಾಗೇ ಉಳಿದಿದೆ. 1997ರಲ್ಲಿ ಪ್ರಕಟವಾದ ಡಿಐಜಿ ಎಂಬ ದೊಡ್ಡ ಅಧ್ಯಯನದಲ್ಲಿ, ಪಂಪಿಂಗ್ ಕಡಿಮೆ ಇದ್ದ 6,800 ಮಂದಿಯನ್ನು ನೋಡಿದರು. ಡಿಗಾಕ್ಸಿನ್‌ನಿಂದ ಸಾವು ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ; ಆದರೆ ಹಾರ್ಟ್ ಫೇಲ್ಯೂರ್ ಬಿಗಡಾಯಿಸಿ ಆಸ್ಪತ್ರೆ ಸೇರುವುದು ಸ್ಪಷ್ಟವಾಗಿ ಕಡಿಮೆಯಾಯಿತು. ಆಮೇಲೆ ಅದೇ ಅಧ್ಯಯನದ ರಕ್ತದ ಮಟ್ಟಗಳನ್ನು ಬಿಡಿಸಿ ನೋಡಿದಾಗ, 0.5ರಿಂದ 0.8ರೊಳಗೆ ಇದ್ದವರು ಚೆನ್ನಾಗಿದ್ದರು, 1.2 ದಾಟಿದವರಲ್ಲಿ ಸಾವು ಹೆಚ್ಚಿತ್ತು. ಅಂದಿನಿಂದ ಹಾರ್ಟ್ ಫೇಲ್ಯೂರ್ ಇರುವವರಲ್ಲಿ ನಾವು 0.5ರಿಂದ 0.9ರ ನಡುವೆ ಇರಲಿ ಎಂದು ನೋಡುತ್ತೇವೆ. ಆ ಲೆಕ್ಕದಲ್ಲಿ 1.8 ಬೇಕಾದದ್ದರ ಎರಡರಷ್ಟು. ವಿಷವೇರಿದೆಯೇ ಎಂಬುದನ್ನು ಸಂಖ್ಯೆಯೊಂದೇ ತೀರ್ಮಾನಿಸುವುದೂ ಇಲ್ಲ. ರೋಗಿಯ ಲಕ್ಷಣ, ಇಸಿಜಿ, ಪೊಟ್ಯಾಸಿಯಂ ಮೂರನ್ನೂ ಪಕ್ಕದಲ್ಲಿಟ್ಟು ಓದಬೇಕು. ಇಲ್ಲಿ ಇಸಿಜಿ ಇನ್ನೂ ಆಗಬೇಕಿದೆ, ಉಳಿದೆರಡೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ರಕ್ತ ತೆಗೆದ ಹೊತ್ತು ಸರಿಯಾಗಿತ್ತು, ಅದಕ್ಕೆ ಲ್ಯಾಬಿನವರನ್ನು ಮೆಚ್ಚಬೇಕು. ಮಾತ್ರೆ ನುಂಗಿ ಕನಿಷ್ಠ ಆರು ಗಂಟೆಯಾದರೂ ಆಗಿರಬೇಕು, ಮುಂದಿನ ಮಾತ್ರೆಗೆ ಸ್ವಲ್ಪ ಮೊದಲು ತೆಗೆದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಎಂಟಕ್ಕೆ ಮಾತ್ರೆ ಕೊಟ್ಟು ಹತ್ತಕ್ಕೆ ರಕ್ತ ಕೊಟ್ಟರೆ ಔಷಧಿ ಇನ್ನೂ ಮೈಯಲ್ಲಿ ಹರಡಿಕೊಂಡಿರುವುದಿಲ್ಲ, ಮಟ್ಟ ಸುಳ್ಳೇ ಹೆಚ್ಚು ಕಾಣುತ್ತದೆ.

ನಾಡಿ ಸಮವಾದದ್ದು ಸಮಾಧಾನ ಎಂದಿರಿ. ಪ್ರಶ್ನೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿದ್ದು ಆ ಸಾಲೇ. ವರ್ಷಗಳ ಹಿಂದೆ ಒಬ್ಬ ಹಿರಿಯರನ್ನು ಮಗ ಕರೆತಂದಿದ್ದ. ಎರಡು ದಿನದಿಂದ ತಟ್ಟೆ ಮುಂದಿಟ್ಟರೆ ಕೈಯಿಂದ ಪಕ್ಕಕ್ಕೆ ಸರಿಸುತ್ತಾರೆ, ಆದರೆ ನಾಡಿ ಮಾತ್ರ ಗಡಿಯಾರದ ಹಾಗೆ ಹೊಡೆಯುತ್ತಿದೆ ಡಾಕ್ಟ್ರೇ, ಫಿಬ್ರಿಲೇಷನ್ ವಾಸಿಯಾಯಿತು ಅನ್ನಿಸುತ್ತೆ ಎಂದ. ಮಣಿಕಟ್ಟು ಹಿಡಿದೆ. ನಿಜ, ಒಂದೊಂದು ಬಡಿತವೂ ಅಳೆದಿಟ್ಟ ಹಾಗೆ, ನಿಮಿಷಕ್ಕೆ 44. ಇಸಿಜಿಯಲ್ಲಿ ಫಿಬ್ರಿಲೇಷನ್ ಎಲ್ಲಿಗೂ ಹೋಗಿರಲಿಲ್ಲ. ಮೇಲಿನ ಕೋಣೆಗಳು ಹಾಗೇ ಅದುರುತ್ತಿದ್ದವು. ಕೆಳಗೆ ಒಂದು ಸಂದೇಶವೂ ಇಳಿಯುತ್ತಿರಲಿಲ್ಲ. ದಾರಿ ಪೂರ್ತಿ ಮುಚ್ಚಿ, ಕೆಳಗಿನ ಭಾಗ ತನ್ನಷ್ಟಕ್ಕೆ ತಾನು ನಿಧಾನವಾಗಿ ಬಡಿದುಕೊಳ್ಳುತ್ತಿತ್ತು. ಏಟ್ರಿಯಲ್ ಫಿಬ್ರಿಲೇಷನ್ ಇದ್ದು ಡಿಗಾಕ್ಸಿನ್ ನುಂಗುವವರ ಏರುಪೇರಿನ ನಾಡಿ ಇದ್ದಕ್ಕಿದ್ದಂತೆ ನಿಧಾನವಾಗಿ, ಸಮವಾಗಿ ಹೊಡೆಯತೊಡಗಿದರೆ ಅದು ಎಚ್ಚರಿಕೆಯ ಗಂಟೆ. ಅವರು ಬದುಕಿದರು. ಆ ಮಗ ಆಮೇಲೆ ತಂದೆಯ ನಾಡಿಯನ್ನು ನನಗಿಂತ ಚೆನ್ನಾಗಿ ಓದುತ್ತಿದ್ದ.

ಹಳದಿ ಕಾಣದಿದ್ದರೆ ವಿಷವೇರಿಲ್ಲ ಎಂದು ನಂಬಿ ಕೂರುವವರೂ ಇದ್ದಾರೆ. ಹಳದಿ ಬಳೆ ಎಲ್ಲರಿಗೂ ಕಾಣುವುದಿಲ್ಲ. ವಯಸ್ಸಾದವರಲ್ಲಿ ಮೊದಲು ಹೋಗುವುದು ಸಾಮಾನ್ಯವಾಗಿ ಬಾಯಿರುಚಿ. ಆಮೇಲೆ ವಾಕರಿಕೆ, ನಿಶ್ಶಕ್ತಿ, ಕೆಲವರಲ್ಲಿ ಮಾತು ತಡವರಿಸುವುದು, ಹಗಲು ರಾತ್ರಿ ಗೊತ್ತಾಗದಿರುವುದು. ಇವೆಲ್ಲಕ್ಕೂ ಗ್ಯಾಸ್ಟ್ರಿಕ್ ಎಂದೋ, ವಯಸ್ಸಾಯಿತು ಎಂದೋ ಹೆಸರಿಟ್ಟು ಸುಮ್ಮನಾಗುವುದು ಸುಲಭ. ಡಿಗಾಕ್ಸಿನ್ ನುಂಗುವ ಹಿರಿಯರು ಎರಡು ಹೊತ್ತು ಊಟ ಬಿಟ್ಟರೆಂದರೆ ನಾನು ಮೊದಲು ಕೇಳುವುದು ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್.

ಆಸ್ಪತ್ರೆಯಲ್ಲಿ ಮಾಡುವುದು ಬಹುಪಾಲು ಸಾವಧಾನದ ಕೆಲಸ: ಮಾತ್ರೆ ನಿಲ್ಲಿಸಿ, ಮಾನಿಟರ್ ಹಾಕಿ, ನೀರಿನಂಶ ತುಂಬಿ, ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಸರಿಪಡಿಸುತ್ತಾರೆ. ನಾಡಿ ತೀರಾ ಇಳಿದರೆ ಅಟ್ರೋಪಿನ್, ಅಗತ್ಯ ಬಿದ್ದರೆ ತಾತ್ಕಾಲಿಕ ಪೇಸ್‌ಮೇಕರ್. ಲಯ ಪ್ರಾಣಕ್ಕೆ ಕುತ್ತಾಗುವಷ್ಟು ಕೆಟ್ಟರೆ ಡಿಗಾಕ್ಸಿನ್ನನ್ನೇ ಹಿಡಿದುಕೊಳ್ಳುವ ಪ್ರತಿಕಾಯದ ಇಂಜೆಕ್ಷನ್ ಇದೆ; ಅದು ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ಡಯಾಲಿಸಿಸ್ ಮಾಡಿಸಿ ತೆಗೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಔಷಧಿ ಮಾಂಸಖಂಡದಲ್ಲಿ ಅಡಗಿರುವುದರಿಂದ ರಕ್ತ ತೊಳೆದರೆ ಬರುವುದು ಅತ್ಯಲ್ಪ. ಮನೆಯಲ್ಲಿ ನೀವೇ ಪೊಟ್ಯಾಸಿಯಂ ಸಿರಪ್ ಕುಡಿಸಲು ಹೋಗಬೇಡಿ. ಕಿಡ್ನಿ ಸೋತಿರುವಾಗ ಅದು ಬೇಗ ಅತಿಯಾಗುತ್ತದೆ, ಅತಿಯಾದ ಪೊಟ್ಯಾಸಿಯಂ ಹೃದಯಕ್ಕೆ ಇನ್ನೊಂದು ಆಪತ್ತು. ರಕ್ತ ತೆಳುಮಾಡುವ ಮಾತ್ರೆಯನ್ನೂ ವೈದ್ಯರಿಗೆ ತೋರಿಸಿ. ಕ್ಲಾರಿಥ್ರೋಮೈಸಿನ್ ಮತ್ತು ಸೋತ ಕಿಡ್ನಿ ಸೇರಿ ಅದರ ಪರಿಣಾಮವೂ ಏರಿರಬಹುದು.

ಅಕ್ಕನ ಮಾತಿಗೆ ಈಗ ಬರೋಣ. ಅವರದ್ದೂ ಬುಡವಿಲ್ಲದ ಭಯವಲ್ಲ. ಪಂಪಿಂಗ್ ಕಡಿಮೆ ಇದ್ದು ಸ್ಥಿರವಾಗಿದ್ದವರಲ್ಲಿ ಡಿಗಾಕ್ಸಿನ್ ತೆಗೆದುಹಾಕಿ ನೋಡಿದ ಅಧ್ಯಯನಗಳು 1993ರಲ್ಲಿ ಬಂದವು. ನಿಲ್ಲಿಸಿದವರಲ್ಲಿ ಹಾರ್ಟ್ ಫೇಲ್ಯೂರ್ ಬಿಗಡಾಯಿಸಿದ್ದು ಹೆಚ್ಚು. ಆದ್ದರಿಂದ ಚೆನ್ನಾಗಿರುವವರು ಯಾರದೋ ಮಾತು ಕೇಳಿ ತಾವಾಗಿ ನಿಲ್ಲಿಸಬಾರದು. ಆದರೆ ವಿಷದ ಲಕ್ಷಣ ಕಂಡ ದಿನ ಆ ನಿಯಮ ನಡೆಯುವುದಿಲ್ಲ. ಒಂದೆರಡು ದಿನ ತಪ್ಪಿದರೆ ಹೃದಯ ನಿಲ್ಲುವುದಿಲ್ಲ; ಮೈಯಲ್ಲಿ ಇರುವುದು ಇಳಿಯಲೇ ದಿನಗಟ್ಟಲೆ ಬೇಕು. ಬೇರೆ ಸಮಯದಲ್ಲಿ ಒಂದು ಮಾತ್ರೆ ಮರೆತರೆ, ಹನ್ನೆರಡು ಗಂಟೆಯೊಳಗೆ ನೆನಪಾದರೆ ಕೊಡಿ, ಇಲ್ಲವಾದರೆ ಬಿಟ್ಟುಬಿಡಿ. ಮರೆತದ್ದನ್ನು ಸರಿದೂಗಿಸಲೆಂದು ಎರಡು ಒಟ್ಟಿಗೆ ಕೊಡುವುದು ಮಾತ್ರ ಎಂದಿಗೂ ಬೇಡ.

ವಾರಕ್ಕೆ ಐದು ದಿನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಎರಡು ದಿನ ಬಿಟ್ಟರೆ ಮೈ ‘ತೊಳೆದು’ ಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಕಿಡ್ನಿ ಚೆನ್ನಾಗಿರುವವರಲ್ಲಿ ಡಿಗಾಕ್ಸಿನ್ ಅರ್ಧಕ್ಕೆ ಇಳಿಯಲು 36ರಿಂದ 48 ಗಂಟೆ. ಕಿಡ್ನಿ ಸೋತವರಲ್ಲಿ ನಾಲ್ಕು ದಿನವೂ ಆಗಬಹುದು. ಆಗ ಎರಡು ದಿನ ಕಳೆದರೂ ನೂರರಲ್ಲಿ 70ರಷ್ಟು ಒಳಗೇ ಇರುತ್ತದೆ. ಐದು ದಿನದ ಕ್ರಮ ಮಾಡುವುದು ಇಷ್ಟೇ: ವಾರದ ಒಟ್ಟು ಪ್ರಮಾಣವನ್ನು 0.875ರಿಂದ 0.625 ಮಿಲಿಗ್ರಾಂಗೆ ಇಳಿಸುತ್ತದೆ. ಅದು ತಪ್ಪೇನಲ್ಲ, ಆದರೆ ಇವತ್ತು ಕೊಡುವ ದಿನವೋ ಬಿಡುವ ದಿನವೋ ಎಂಬ ಗೊಂದಲಕ್ಕೆ ದಾರಿ. ನನಗೆ ದಿನವೂ ಒಂದೇ ಸಣ್ಣ ಪ್ರಮಾಣ ಕೊಡುವುದೇ ಇಷ್ಟ.

ಮುಂದೇನು? ಕಿಡ್ನಿ ಚೇತರಿಸಿಕೊಂಡ ಮೇಲೆ ನಿಮ್ಮ ವೈದ್ಯರ ಮುಂದೆ ಕೆಲವು ದಾರಿಗಳಿವೆ. ಡಿಗಾಕ್ಸಿನ್ನನ್ನು ಇನ್ನೂ ಕಡಿಮೆ ಮಾಡಿ, 0.0625ಕ್ಕೋ ದಿನ ಬಿಟ್ಟು ದಿನಕ್ಕೋ ಇಳಿಸಿ ಮತ್ತೆ ಶುರುಮಾಡಬಹುದು. ಲಾಭ ಉಳಿಯುತ್ತದೆ, ಆದರೆ ಮುಂದಿನ ಭೇದಿಯಲ್ಲಿ ಇದೇ ಕಥೆ ಮರುಕಳಿಸುವ ಅಪಾಯವೂ ಉಳಿಯುತ್ತದೆ. ಪೂರ್ತಿ ಬಿಟ್ಟು ಮೆಟೊಪ್ರೊಲಾಲ್ ಒಂದರಿಂದಲೇ ನಾಡಿ ಹಿಡಿಯಬಹುದು. ರಕ್ತದೊತ್ತಡ ಬೀಳುವುದು, ಸುಸ್ತು ಹೆಚ್ಚುವುದು ಅದರ ಕಷ್ಟ. ಏಮಿಯೋಡರೋನ್ ಥೈರಾಯ್ಡ್, ಶ್ವಾಸಕೋಶ, ಲಿವರ್ ಮೂರರ ಮೇಲೂ ಕಣ್ಣಿಡಬೇಕಾದ ಔಷಧಿ, ನಾನಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಯಾವುದಕ್ಕೂ ಬಗ್ಗದಿದ್ದರೆ ಪೇಸ್‌ಮೇಕರ್ ಹಾಕಿ ಮೇಲಿನ ಸಂದೇಶದ ದಾರಿಯನ್ನೇ ಸುಟ್ಟು ಮುಚ್ಚುವ ಚಿಕಿತ್ಸೆಯೂ ಉಂಟು. ಮಾಡಿದ ಮೇಲೆ ಹಿಂದಿರುಗುವ ಹಾಗಿಲ್ಲ, ಪೇಸ್‌ಮೇಕರ್ ಮೇಲೇ ಜೀವನ. ಕೇವಲ ಭಯದಿಂದ ಡಿಗಾಕ್ಸಿನ್ನನ್ನು ತಳ್ಳಿಹಾಕಬೇಡಿ. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ 60 ದಾಟಿದ, ಏಟ್ರಿಯಲ್ ಫಿಬ್ರಿಲೇಷನ್ ಖಾಯಂ ಆಗಿದ್ದ 160 ಮಂದಿಯಲ್ಲಿ ಕಡಿಮೆ ಪ್ರಮಾಣದ ಡಿಗಾಕ್ಸಿನ್ ಮತ್ತು ಮೆಟೊಪ್ರೊಲಾಲ್ ಜಾತಿಯದೇ ಆದ ಬೈಸೊಪ್ರೊಲಾಲ್ ಹೋಲಿಸಿದಾಗ, ಆರು ತಿಂಗಳಿಗೆ ಜೀವನದ ಗುಣಮಟ್ಟ ಹೆಚ್ಚುಕಮ್ಮಿ ಒಂದೇ ಇತ್ತು, ಅಡ್ಡಪರಿಣಾಮ ಡಿಗಾಕ್ಸಿನ್ ಕಡೆಯೇ ಕಡಿಮೆ ಇತ್ತು. ನಿಮ್ಮ ತಾಯಿಯ ವಿಷಯದಲ್ಲಿ ನನ್ನ ಒಲವು: ಕ್ರಿಯಾಟಿನಿನ್ ಹಳೆಯ ಮಟ್ಟಕ್ಕೆ ಬರುವವರೆಗೆ ಬೇಡವೇ ಬೇಡ. ಆಮೇಲೂ ಡಿಗಾಕ್ಸಿನ್ ಇಲ್ಲದೆ ನಾಡಿ 110ರ ಒಳಗಿದ್ದು, ಉಸಿರಾಟ ಚೆನ್ನಾಗಿದ್ದರೆ ಮತ್ತೆ ಶುರುಮಾಡುವ ಅವಸರ ಬೇಡ.

ಶುರುಮಾಡಿದರೆ ಮಾತ್ರ ಕಣ್ಣಿಡುವುದು ಬೇರೆ ರೀತಿ ಆಗಬೇಕು. ಅವರಂಥ ಕಿಡ್ನಿಯಲ್ಲಿ ಮಟ್ಟ ನೆಲೆ ನಿಲ್ಲಲು ಎರಡು ಮೂರು ವಾರ ಬೇಕು, ಆದ್ದರಿಂದ ಆಗಲೇ ಮಟ್ಟ ನೋಡಿಸಿ. ಪೊಟ್ಯಾಸಿಯಂ, ಕ್ರಿಯಾಟಿನಿನ್ ಅದಕ್ಕೂ ಮೊದಲೊಮ್ಮೆ. ಎಲ್ಲ ಸ್ಥಿರವಾದ ಮೇಲೆ ಮೂರು ತಿಂಗಳಿಗೊಮ್ಮೆ ಕಿಡ್ನಿ ಮತ್ತು ಪೊಟ್ಯಾಸಿಯಂ. ವಾಂತಿ ಭೇದಿ, ಜ್ವರ, ಹೊಸ ಆಂಟಿಬಯೋಟಿಕ್, ಇವುಗಳಲ್ಲಿ ಯಾವುದೇ ಬಂದರೂ ಕ್ಯಾಲೆಂಡರ್ ನೋಡದೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುವ ಆ ಜಾತಿಯ ನೋವಿನ ಮಾತ್ರೆ ಮನೆಯಲ್ಲಿ ಇಡಲೇಬೇಡಿ; ಮಂಡಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೋ ನೋಡಿ. ಕಂಪನಿ ಬದಲಿಸದೆ ಒಂದೇ ಹೆಸರಿನ ಮಾತ್ರೆ ಕೊಳ್ಳಿ, 0.25 ಮತ್ತು 0.125ರ ಸ್ಟ್ರಿಪ್‌ಗಳು ಒಂದೇ ಡಬ್ಬಿಯಲ್ಲಿ ಇರಬಾರದು. ಮಕ್ಕಳ ಕೈಗೆಟುಕದ ಕಡೆ ಇಡಿ, ಚಿಕ್ಕ ಮಗುವಿಗೆ ಕೆಲವೇ ಮಾತ್ರೆ ಪ್ರಾಣಾಪಾಯ.

ನಾಡಿ ಎಣಿಸುವುದು ಹೀಗೆ: ಐದು ನಿಮಿಷ ಸುಮ್ಮನೆ ಕೂರಿಸಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ, ನಿಮ್ಮ ಮೂರು ಬೆರಳ ತುದಿಗಳನ್ನು ಹಗುರವಾಗಿ ಇಡಿ. ಹೆಬ್ಬೆರಳು ಬಳಸಬೇಡಿ, ಅದರಲ್ಲಿ ನಿಮ್ಮದೇ ನಾಡಿ ಸಿಗುತ್ತದೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಏರುಪೇರಿನ ನಾಡಿಗೆ ನಡೆಯುವುದಿಲ್ಲ, ಪೂರ್ತಿ ಒಂದು ನಿಮಿಷ ಬೇಕು. ಬಿಪಿ ಯಂತ್ರ ತೋರಿಸುವ ಅಂಕಿಯನ್ನೂ ಈ ಕಾಯಿಲೆಯಲ್ಲಿ ನಂಬಲಾಗದು. 60ಕ್ಕಿಂತ ಕಡಿಮೆ ಬಂದರೆ ಆ ಹೊತ್ತಿನ ಮಾತ್ರೆ ತಡೆಹಿಡಿದು ವೈದ್ಯರನ್ನು ಕೇಳಿ. ಸಂಖ್ಯೆಯ ಪಕ್ಕದಲ್ಲಿ ‘ಸಮ’ ಅಥವಾ ‘ಏರುಪೇರು’ ಎಂದು ಒಂದು ಪದ, ಆ ದಿನದ ತೂಕ, ಊಟ ಸೇರಿತೋ ಇಲ್ಲವೋ, ಇಷ್ಟು ಬರೆದಿಟ್ಟರೆ ನಮಗೆ ಅದು ಲ್ಯಾಬ್ ರಿಪೋರ್ಟಿನಷ್ಟೇ ಬೆಲೆಬಾಳುತ್ತದೆ.

ಅಮ್ಮನ ಹಟಕ್ಕೆ ಈಗ ವಾದ ಮಾಡಬೇಡಿ. ಬಾಯಿರುಚಿ ಕೆಡಿಸಿದ ಮಾತ್ರೆಯನ್ನು ಅವರು ದೂರ ತಳ್ಳಿದ್ದಾರೆ, ಅವರ ಮೈ ಸರಿಯಾಗಿಯೇ ಹೇಳಿದೆ. ನೀನು ಹೇಳಿದ್ದು ನಿಜವಿತ್ತಮ್ಮ, ಅದನ್ನು ನಿಲ್ಲಿಸಿದ್ದೇವೆ ಎಂದು ತಿಳಿಸಿ. ನಾಲ್ಕೈದು ದಿನದಲ್ಲೋ ವಾರದಲ್ಲೋ ಊಟ ಸೇರತೊಡಗುತ್ತದೆ. ಆಗ ಉಳಿದ ಮಾತ್ರೆಗಳು ಯಾವುದಕ್ಕೆ ಬೇಕು ಎಂಬ ಮಾತನ್ನು ವೈದ್ಯರ ಎದುರಿನಲ್ಲೇ ಅವರಿಗೂ ಕೇಳಿಸುವಂತೆ ಆಡಿ. ಆ ಭೇಟಿಗೆ ಹೋಗುವಾಗ ಚೀಟಿಯನ್ನಷ್ಟೇ ಒಯ್ಯದೆ, ಅಮ್ಮ ನುಂಗುವ ಎಲ್ಲ ಸ್ಟ್ರಿಪ್‌ಗಳನ್ನೂ, ಆ ನೋವಿನ ಮಾತ್ರೆಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.